ಕಾಳಿ ಅಳಿವೆಯ ಡಾಲ್ಫಿನ್‌ಗಳಿಗೆ ಲೆಡ್ಜರ್ ಬರೆದ ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ಅಣ್ಣನ ಮಗನ ಮುಂದೆ ಇಪ್ಪತ್ತು ಫೋಟೋ ಹರಡಿದೆ. ಒಂದಕ್ಕೂ ಹೆಸರಿಲ್ಲ, ತಾರೀಕಿಲ್ಲ. ಪಕ್ಕದಲ್ಲಿ, ಒಂದೊಂದು ಡಾಲ್ಫಿನ್ನಿಗೂ ಹೆಸರಿಟ್ಟು ರೆಕ್ಕೆಯ ಗುರುತು ಬರೆದ ನನ್ನ ಲೆಡ್ಜರ್ ಇಟ್ಟು "ಯಾವುದು ಯಾರು ಹೇಳು" ಅಂದೆ. ಅವನು ಡಾಲ್ಫಿನ್ನಿನ ಬೆನ್ನುರೆಕ್ಕೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಅವತ್ತು. ಒಂದು ಗಂಟೆಯಲ್ಲಿ ಹದಿನೇಳು ಸರಿಯಾಗಿ ಹೊಂದಿಸಿದ. "ಎಲ್ಲ ಡಾಲ್ಫಿನ್ನೂ ಒಂದೇ ಥರ, ಸುಮ್ನೆ ಪೆಟ್ರೋಲ್ ಸುಡ್ತೆ ಮಾರಾಯ" ಎಂದು ಕಾರವಾರದ ಬೈತಖೋಲ ಬಂದರಿನಲ್ಲಿ ಆರು ವರ್ಷ ಹೇಳಿದವರಿಗೆ ಅವನು ಹೊಂದಿಸಿದ್ದನ್ನೇ ತೋರಿಸಿದೆ. ಈಗ ಅವರೇ ಫೋನ್ ಮಾಡುತ್ತಾರೆ: "ನಿನ್ನ ಹರಕಿ ಮಾಜಾಳಿ ಕಡೆ ಕಂಡ್ಲು." ಹರಕಿ ಅಂದರೆ ರೆಕ್ಕೆ ಹರಿದ ಒಂದು ಹೆಣ್ಣು ಡಾಲ್ಫಿನ್, ನನ್ನ ಲೆಡ್ಜರಿನ ಹೆಸರು.

ಹೀಗೆ ಗುರುತು ಹಿಡಿಯುವ ದಾರಿ ತೋರಿಸಿದ್ದು ಓರ್ಕಾ. ಜನ ಅದನ್ನು ಕೊಲೆಗಡುಕ ತಿಮಿಂಗಿಲ ಅಂತಾರೆ, ಆದರೆ ಅದು ಡಾಲ್ಫಿನ್ ಜಾತಿಯಲ್ಲೇ ದೊಡ್ಡದು. 1970ರ ದಶಕದಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಮೈಕಲ್ ಬಿಗ್ ಅವರ ತಂಡ ಬೆನ್ನುರೆಕ್ಕೆಯ ಕಚ್ಚು ಮತ್ತು ರೆಕ್ಕೆ ಹಿಂದಿನ ಬೂದು ಪಟ್ಟೆ ನೋಡಿ ಒಂದೊಂದನ್ನೂ ಗುರುತು ಹಿಡಿಯಿತು. ಅಲ್ಲಿಯವರೆಗೆ ಸಾವಿರಾರು ಇವೆ ಅಂದುಕೊಂಡಿದ್ದರು. ಎಣಿಸಿದರೆ ಕೆಲವೇ ನೂರು. ಅಲ್ಲಿನ ಸಾಲ್ಮನ್ ತಿನ್ನುವ ಓರ್ಕಾಗಳಲ್ಲಿ ಮಗಳೂ ಮನೆ ಬಿಡುವುದಿಲ್ಲ, ಮಗನೂ ಬಿಡುವುದಿಲ್ಲ. ಸಾಯುವವರೆಗೆ ತಾಯಿಯ ಜೊತೆಗೇ. ಗಂಡು ಬೇರೆ ಗುಂಪಿನ ಹೆಣ್ಣನ್ನು ಕೂಡಿ ಮತ್ತೆ ಅಮ್ಮನ ಹತ್ತಿರ ವಾಪಸ್. ಮರಿ ಸುಮಾರು ಹದಿನೇಳು ತಿಂಗಳು ಹೊಟ್ಟೆಯಲ್ಲಿರುತ್ತದೆ, ಅದು ಬೆಳೆಯುವುದು ಹೆತ್ತವಳ ಗುಂಪಿನಲ್ಲಿ. ಹೆಣ್ಣು ನಲವತ್ತರ ಆಸುಪಾಸಿನಲ್ಲಿ ಹೆರುವುದು ನಿಲ್ಲಿಸಿ, ಆಮೇಲೂ ಎಷ್ಟೋ ವರ್ಷ ಬದುಕಿ, ಮೀನು ಕಮ್ಮಿಯಾದ ವರ್ಷ ಗುಂಪಿಗೆ ದಾರಿ ತೋರಿಸುತ್ತಾಳೆ. ಮೂವತ್ತು ದಾಟಿದ ಮಗ ಕೂಡ ತಾಯಿ ಸತ್ತ ಮರುವರ್ಷದಲ್ಲಿ ಸಾಯುವ ಸಂಭವ ಹಲವು ಪಟ್ಟು ಜಾಸ್ತಿ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೇವಬಾಗದ ಮುಂದೆ ದಿನಾ ಕಾಣುವ ನಮ್ಮ ಗೂನು ಡಾಲ್ಫಿನ್‌ಗಳ ಮನೆ ಹೇಗಿರಬಹುದು ಎನ್ನುವ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು.

2018ರ ಅಕ್ಟೋಬರಿನಲ್ಲಿ ಶುರು ಮಾಡಿದೆ. ಹಳೇ ಕ್ಯಾಮೆರಾ, ಮುನ್ನೂರು ಎಂಎಂ ಲೆನ್ಸ್, ಎರಡೂ ಸೇರಿ ನಲವತ್ತು ಸಾವಿರದ ಹತ್ತಿರ. ಮೊದಲ ಹಂಗಾಮಿನಲ್ಲಿ ನಾಲ್ಕು ಸಾವಿರ ಫೋಟೋ ತೆಗೆದಿರಬೇಕು. ಕೆಲಸಕ್ಕೆ ಬಂದದ್ದು ಇನ್ನೂರೂ ಇಲ್ಲ. ಬೆನ್ನಟ್ಟಿದೆ, ಅದೇ ತಪ್ಪು. ಬೋಟ್ ತಿರುಗಿಸಿದಷ್ಟೂ ಅವು ಮುಳುಗಿ ದೂರ ಏಳುತ್ತವೆ, ನಮಗೆ ಸಿಗುವುದು ಬಾಲ. ಎರಡನೇ ತಪ್ಪು ಬಿಸಿಲಿನದು. ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ ಬರುತ್ತಾನೆ. ನಾನು ಕಡಲ ಕಡೆ ನಿಂತು ದಡದ ಕಡೆ ಕ್ಯಾಮೆರಾ ಹಿಡಿದರೆ ರೆಕ್ಕೆ ಬರೀ ಕರಿ ತ್ರಿಕೋನ. ದಡಕ್ಕೂ ಡಾಲ್ಫಿನ್ನಿಗೂ ನಡುವೆ ನುಗ್ಗಬೇಕು, ಆದರೆ ಅಲ್ಲಿ ನೀರು ಆಳವಿಲ್ಲ. ಒಮ್ಮೆ ಮರಳ ದಿಬ್ಬಕ್ಕೆ ಬಡಿದು ಪ್ರೊಪೆಲ್ಲರ್ ಮುರಿಯಿತು. ಆರು ಸಾವಿರ ಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು ಲೆಕ್ಕದಲ್ಲಿ. ಎರಡು ವರ್ಷದ ಕೊನೆಗೆ ಅರವತ್ತು ಡಾಲ್ಫಿನ್ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಆಮೇಲೆ ನೋಡಿದರೆ ಎಡಮಗ್ಗುಲಿನ ಫೋಟೋಗೆ ಒಂದು ಹೆಸರು, ಅದರದೇ ಬಲಮಗ್ಗುಲಿಗೆ ಇನ್ನೊಂದು ಹೆಸರು. ಲೆಡ್ಜರನ್ನು ಪೂರ್ತಿ ಹರಿದು ಹೊಸದಾಗಿ ಬರೆದೆ. ಎರಡೂ ಮಗ್ಗುಲು ಸಿಗುವ ತನಕ ಹೆಸರಿಡಬಾರದು ಎಂದು ಅವತ್ತು ತೀರ್ಮಾನ ಮಾಡಿದೆ. ಈಗ ಮೂವತ್ತನಾಲ್ಕು ಇವೆ. ಅಷ್ಟೂ ಗಟ್ಟಿ. ಇಷ್ಟು ಅಚ್ಚುಕಟ್ಟಾದ ಲೆಡ್ಜರ್ ನಮ್ಮ ಬಂದರಿನಲ್ಲಿ ಇನ್ನೊಂದಿಲ್ಲ, ಅದನ್ನು ಧೈರ್ಯವಾಗಿ ಹೇಳುತ್ತೇನೆ.

ಈಗ ಮಾಡುವುದು ಇಷ್ಟೇ. ಐವತ್ತು ಮೀಟರ್ ದೂರದಲ್ಲಿ ಎಂಜಿನ್ ಬಂದ್. ಬೋಟ್ ಭರತದ, ಅಂದರೆ ಏರಿ ಬರುವ ಕಡಲ ನೀರಿನ, ಜೊತೆ ತೇಲಲಿ. ಅವೇ ಅಡ್ಡ ದಾಟುತ್ತವೆ. ಎಲ್ಲಿ ನಿಲ್ಲಬೇಕು, ಭರತದ ಯಾವ ಹೊತ್ತಿಗೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಮರುದಿನ ಹತ್ತು ಟೂರಿಸ್ಟ್ ಬೋಟ್ ಅಲ್ಲೇ ಸುತ್ತು ಹಾಕುತ್ತವೆ, ಮರಿ ಇರುವ ತಾಯಂದಿರು ಜಾಗ ಬಿಡುತ್ತವೆ. ಇನ್ನೊಂದು ಮಾತು. ಅರಗಾದ ನೌಕಾನೆಲೆ ಕಡೆ ಲೆನ್ಸ್ ತಿರುಗಿಸಲೇಬೇಡಿ. ಡ್ರೋನ್ ಆಸೆಯನ್ನೂ ನಾನು ಅದಕ್ಕೇ ಬಿಟ್ಟೆ.

ನಡುವೆ ಸದ್ದಿನ ಹಿಂದೆ ಬಿದ್ದಿದ್ದೂ ಉಂಟು. ಓರ್ಕಾಗಳಲ್ಲಿ ಒಂದೊಂದು ಗುಂಪಿಗೆ ತನ್ನದೇ ಕೂಗು, ಮರಿ ಅದನ್ನು ಮನೆಯಲ್ಲೇ ಕಲಿಯುತ್ತದೆ. ನಮ್ಮವಕ್ಕೂ ಇದೆಯಾ ನೋಡೋಣ ಎಂದು ಸದ್ದು ಹಿಡಿಯುವ ಪೀಜೋ ಡಿಸ್ಕಿಗೆ ಎಪಾಕ್ಸಿ ಅಂಟು ಮೆತ್ತಿ, ಹತ್ತು ಮೀಟರ್ ವೈರ್ ಕಟ್ಟಿ ಕೂರ್ಮಗಡ ದ್ವೀಪದ ಹತ್ತಿರ ಇಳಿಬಿಟ್ಟೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ, ಚಟಪಟ. ಬಂಡೆಯಲ್ಲಿರುವ ಚಿಟಿಕೆ ಸಿಗಡಿಗಳ ಸದ್ದು ಅದು. ಅದರ ನಡುವೆ ಎರಡು ಸಲ ಸಿಳ್ಳೆ ಸ್ಪಷ್ಟವಾಗಿ ಕೇಳಿತು. ಯಾರ ಸಿಳ್ಳೆ ಅಂತ ತಿಳಿಯಲಿಲ್ಲ. ಮೂರನೇ ದಿನ ಉಪ್ಪುನೀರು ಒಳಗೆ ಹೋಗಿ ಡಿಸ್ಕ್ ಸತ್ತಿತು. ಖರ್ಚು ಎಂಟುನೂರು. ಇನ್ನೊಂದು ಮಾಡುತ್ತಿದ್ದೇನೆ.

ದುಡ್ಡಿನ ಮಾತು. ಪೆಟ್ರೋಲ್, ರಿಪೇರಿ, ಕಾರ್ಡು, ಹಾರ್ಡ್ ಡಿಸ್ಕ್ ಸೇರಿ ಇಲ್ಲಿಯವರೆಗೆ ಮೂರು ಲಕ್ಷದ ಮೇಲಾಗಿದೆ. ಒಮ್ಮೆ ಲೆನ್ಸಿಗೆ ಫಂಗಸ್ ಹಿಡಿಯಿತು. ರಿಪೇರಿಗೆ ಕೊಟ್ಟ ಅಂಗಡಿಯವರು ನಾಲ್ಕು ತಿಂಗಳು ಇಟ್ಟುಕೊಂಡು, ಇನ್ನೂ ಹಾಳು ಮಾಡಿ ಕೊಟ್ಟರು. ಆಮೇಲಿನಿಂದ ಮಳೆಗಾಲ ಪೂರ್ತಿ ಲೆನ್ಸ್ ಅಕ್ಕಿ ಡಬ್ಬದ ಪಕ್ಕ, ಗಾಳಿ ಹೋಗದ ಡಬ್ಬದಲ್ಲಿ, ಸಿಲಿಕಾ ಚೀಲಗಳ ಜೊತೆ. ಹೆಂಡತಿಯ ಬಂಗಾರದ ಬಳೆ ಎರಡು ಸಲ ಅಡವಿಟ್ಟಿದ್ದೇನೆ, ಎರಡು ಸಲವೂ ಬಿಡಿಸಿಕೊಟ್ಟಿದ್ದೇನೆ.

ಇಷ್ಟರಿಂದ ಏನು ಗೊತ್ತಾಯಿತು? ನಮ್ಮವು ಓರ್ಕಾಗಳಂತೆ ಒಂದೇ ಗುಂಪಿಗೆ ಅಂಟಿಕೊಳ್ಳುವುದಿಲ್ಲ. ಬೆಳಿಗ್ಗೆ ಐದು ಒಟ್ಟಿಗೆ, ಮಧ್ಯಾಹ್ನ ಎರಡು ಒಂದು ಕಡೆ, ಮೂರು ಇನ್ನೊಂದು ಕಡೆ. ಇದು ಮೊದಲು ನನಗೆ ಬೇಜಾರಾಗಿತ್ತು, ನಿಜ. ಆದರೆ ತಾಯಿ ಮತ್ತು ಎಳೆಮರಿ ಮಾತ್ರ ಒಂದು ದಿನವೂ ಬೇರೆಯಾಗಿ ಸಿಗಲಿಲ್ಲ.

ಹರಕಿಯನ್ನೇ ನೋಡಿ. ಅವಳ ರೆಕ್ಕೆಯ ಹಿಂಬದಿಯಲ್ಲಿ ರೊಟ್ಟಿ ಹರಿದ ಹಾಗೆ ಎರಡು ಕಚ್ಚು, ಬುಡದಲ್ಲಿ ಬಲೆಯ ಹಗ್ಗ ಕೊರೆದ ಬಿಳಿ ಗೆರೆ. 2020ರ ಡಿಸೆಂಬರಿನಲ್ಲಿ ಅವಳ ಮಗ್ಗುಲಿಗೆ ಒಂದು ಕೂಸು ಕಂಡಿತು. ಅದರ ಮೈಮೇಲೆ ಮಡಚಿಟ್ಟ ಸೀರೆ ಬಿಚ್ಚಿದಾಗ ಕಾಣುವಂಥ ಅಡ್ಡಗೆರೆಗಳು. ಹೊಟ್ಟೆಯಲ್ಲಿ ಬಾಗಿಕೊಂಡು ಮಲಗಿದ್ದ ಗುರುತು ಅದು, ಹುಟ್ಟಿ ಜಾಸ್ತಿ ದಿನ ಆಗಿಲ್ಲ ಎಂದರ್ಥ. ಕೂಸು ತಾಯಿ ಏಳುವಾಗ ಏಳುತ್ತಿತ್ತು, ಆದರೆ ಅವಳು ಬೆನ್ನು ಬಾಗಿಸಿ ನುಣ್ಣಗೆ ಇಳಿದರೆ ಇದು ಗದ್ದ ಪೂರ್ತಿ ಮೇಲೆತ್ತಿ ದಬ್ಬಕ್ಕನೆ ಬೀಳುತ್ತಿತ್ತು. ಮರಿಯ ರೆಕ್ಕೆಯಲ್ಲಿ ಕಚ್ಚೇ ಇರುವುದಿಲ್ಲ, ಹಾಗಾಗಿ ತಾಯಿಯೇ ಅದರ ಗುರುತು. ಮುಂದಿನ ಎರಡು ಹಂಗಾಮು ಅವಳ ಪಕ್ಕದಲ್ಲೇ ಇತ್ತು. 2023ರ ಜನವರಿಯಲ್ಲಿ, ಇನ್ನೂ ಅವಳ ಪಕ್ಕ ಇರುವಾಗಲೇ, ಅದರ ರೆಕ್ಕೆಯ ತುದಿಗೆ ಉಗುರಿನಷ್ಟು ಒಂದು ಕಚ್ಚು ಬಿತ್ತು. ಎಡ ಬಲ ಎರಡೂ ಫೋಟೋ ಸಿಕ್ಕವು.

2024ರಲ್ಲಿ ಅದು ತಾಯಿಯಿಲ್ಲದೆ ಬೇರೆಯವರ ಜೊತೆ ಸಿಕ್ಕಿತು. ಆ ಹಂಗಾಮಿನಲ್ಲಿ ಹರಕಿ ಕಾಣಲೇ ಇಲ್ಲ. ಬಲೆಗೆ ಸಿಕ್ಕಿ ಹೋದಳೇನೋ ಎಂದು ಹೊಟ್ಟೆ ಉರಿಯಿತು. ಈ ವರ್ಷ ಫೆಬ್ರವರಿಯಲ್ಲಿ ಮಾಜಾಳಿಯ ಫೋನ್ ಬಂದ ಕೂಡಲೇ ಹೋದೆ. ಹರಕಿ, ಅವಳ ಮಗ್ಗುಲಿಗೆ ಗೆರೆಗೆರೆಯ ಹೊಸ ಕೂಸು. ಅವರ ಹಿಂದೆ ಹತ್ತು ಮಾರು ದೂರದಲ್ಲಿ ಆ ಉಗುರಿನ ಕಚ್ಚು. ಮೂರೂ ಒಂದೇ ಫ್ರೇಮಿನಲ್ಲಿವೆ, ಬಲಮಗ್ಗುಲು. ಎಡಮಗ್ಗುಲು ಸಿಕ್ಕ ಮೇಲೆ ಕೂಸಿಗೆ ಪುಟ ತೆಗೆಯುತ್ತೇನೆ.