ಹೋಟೆಲ್ ತಾರಸಿಯ ಸೋಲಾರ್: ನಾನು ಲೆಕ್ಕ ಹಾಕಿದ್ದು ಹೀಗೆ

ಸೋಲಾರ್ ನಿಜವಾಗಿ ಅಗ್ಗವಾ ಎಂದು ಕೇಳುವ ಹೋಟೆಲಿನವರಿಗೆ ನಾನು ಹೇಳುವುದಿಷ್ಟು: ಮೊದಲು ನಿಮ್ಮ ಕರೆಂಟ್ ಬಿಲ್ ತೆಗೆಯಿರಿ. ರಾಜಸ್ಥಾನದ ಭಡ್ಲಾದಲ್ಲಿ, ಕಡಿಮೆ ದರ ಕೂಗಿದವರಿಗೆ ಗುತ್ತಿಗೆ ಕೊಡುವ 2017ರ ಹರಾಜಿನಲ್ಲೇ ಸೋಲಾರ್ ದರ ಯೂನಿಟ್‌ಗೆ 2.44 ರೂಪಾಯಿಗೆ ಇಳಿದಿತ್ತು. ಅದು ದೊಡ್ಡ ಸೋಲಾರ್ ಪಾರ್ಕಿನ, ಅಂದರೆ ಬಯಲಲ್ಲಿ ಪ್ಯಾನೆಲ್ ಹಾಸಿದ ಸ್ಥಾವರದ ದರ. ನಮಗೆ ಬೇಕಾದದ್ದು ನಮ್ಮ ಗ್ರೈಂಡರ್‌ಗೆ ಬರುವ ಯೂನಿಟ್‌ನ ಬೆಲೆ.

ಪುಣೆಯ ಚಿಂಚವಡದಲ್ಲಿ ನಮ್ಮದು ಸಣ್ಣ ಉಡುಪಿ ಹೋಟೆಲ್, ಕಮರ್ಷಿಯಲ್ ಮೀಟರ್. ಫಿಕ್ಸೆಡ್ ಚಾರ್ಜ್ ಬಿಟ್ಟು, ವೀಲಿಂಗ್ ಚಾರ್ಜ್ (ಲೈನಿನಲ್ಲಿ ಕರೆಂಟ್ ತಂದುಕೊಡುವ ಶುಲ್ಕ), ಡ್ಯೂಟಿ (ಕರೆಂಟ್ ಮೇಲಿನ ತೆರಿಗೆ) ಸೇರಿಸಿದರೆ ಯೂನಿಟ್‌ಗೆ 14 ರೂಪಾಯಿ ಹತ್ತಿರ ಬೀಳುತ್ತಿತ್ತು. ನಾನು 10 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. ಖರ್ಚು ಸುಮಾರು ಐದೂವರೆ ಲಕ್ಷ. ಮನೆಗಳಿಗೆ ಸಿಗುವ ಕೇಂದ್ರ ಸರ್ಕಾರದ ಸೂರ್ಯಘರ್ ಸಬ್ಸಿಡಿ ಹೋಟೆಲಿಗೆ ಇಲ್ಲ. ಮಳೆಗಾಲವನ್ನೂ ಸೇರಿಸಿದ ಸರಾಸರಿಯಲ್ಲಿ ಒಂದು ಕಿಲೋವ್ಯಾಟ್ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಪ್ಯಾನೆಲ್ 25 ವರ್ಷ ಬರುತ್ತದೆ ಅಂತಾರೆ, ನಾನು 20 ಮಾತ್ರ ಹಿಡಿದೆ. ಬ್ಯಾಂಕ್ ಬಡ್ಡಿ, ತೊಳೆಯುವ ಕೂಲಿ, ನಡುವೆ ಒಂದು ಹೊಸ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಎಸಿ ಮಾಡುವ ಪೆಟ್ಟಿಗೆ) ಎಲ್ಲ ಸೇರಿಸಿಯೂ ಯೂನಿಟ್‌ಗೆ 4 ರೂಪಾಯಿ ಆಸುಪಾಸು ಬಂತು. ನಮ್ಮ ಫ್ರಿಜ್, ಗ್ರೈಂಡರ್, ಎಕ್ಸಾಸ್ಟ್ ಓಡುವುದು ಹಗಲಿನಲ್ಲೇ ಜಾಸ್ತಿ. ಹಾಗಾಗಿ ಬಂದ ಕರೆಂಟ್ ಅಲ್ಲೇ ಖರ್ಚಾಗುತ್ತದೆ.

ಒಂದು ವಿಷಯದಲ್ಲಿ ಹುಷಾರಾಗಿರಿ. ಮಾರುವವರು ಸೋಲಾರನ್ನು ಜನರೇಟರ್ ಜೊತೆ ಹೋಲಿಸಿ ತೋರಿಸುತ್ತಾರೆ. ಲೀಟರ್ ಡೀಸೆಲ್‌ಗೆ ಸಿಗುವುದು ಮೂರು ಯೂನಿಟ್. 90 ರೂಪಾಯಿ ದರ ಹಿಡಿದರೆ ಯೂನಿಟ್‌ಗೆ 30 ಆಗುತ್ತದೆ, ಉಳಿತಾಯ ಭಾರೀ ಕಾಣುತ್ತದೆ. ಆದರೆ ಬ್ಯಾಟರಿ ಇಲ್ಲದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ನಮ್ಮ ಸೋಲಾರ್ ಕರೆಂಟ್ ಲೈನಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ವಾ, ಅದಕ್ಕೇ ಹಾಗೆ ಮಾಡಿದ್ದಾರೆ. ಕರೆಂಟ್ ಹೋದಾಗ ಜನರೇಟರ್ ಬೇಕೇ ಬೇಕು. ಆದ್ದರಿಂದ 4 ರೂಪಾಯಿಯನ್ನು 14ರ ಜೊತೆ ಹೋಲಿಸಿ, 30ರ ಜೊತೆ ಬೇಡ. ಅಷ್ಟಕ್ಕೇ ನಮ್ಮ ದುಡ್ಡು ನಾಲ್ಕು ವರ್ಷದೊಳಗೆ ವಾಪಸ್ ಬರುವ ಲೆಕ್ಕವಿದೆ. ಬ್ಯಾಟರಿ ಬಗ್ಗೆಯೂ ವಿಚಾರಿಸಿದೆ. ನಮ್ಮಲ್ಲಿ ಕರೆಂಟ್ ಹೋಗುವುದು ಸ್ವಲ್ಪ ಹೊತ್ತು ಮಾತ್ರ, ಅದಕ್ಕೆ ಅಷ್ಟು ಹಣ ಹಾಕುವುದು ಸರಿ ಅನ್ನಿಸಲಿಲ್ಲ.

ದೋಸೆ ಕಾವಲಿ ಇನ್ನೂ ಗ್ಯಾಸಿನಲ್ಲೇ ಇದೆ. ಆದರೆ ಸೋಲಾರ್ ವಾಟರ್ ಹೀಟರ್ ಹಾಕಿಸಿದ್ದು ತುಂಬಾ ಒಳ್ಳೆಯದಾಯಿತು. 25 ಡಿಗ್ರಿ ನೀರು 60ಕ್ಕೆ ಏರಿ ಬಂದರೆ, ಕುದಿ ಬರಿಸುವ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಜಾಗ, ದುಡ್ಡು ಎರಡೂ ಕಡಿಮೆ ಇದ್ದರೆ ಅದರಿಂದಲೇ ಶುರು ಮಾಡಿ.