ಬಚ್ಚಲು ಒಡೆದ ದಿನ ಒಲೆ ಉರಿಯುತ್ತಿರಲಿ: ಮನೆಯಲ್ಲಿದ್ದುಕೊಂಡೇ ರಿಪೇರಿ ಮಾಡಿಸುವುದು ಹೇಗೆ?

ಎರಡು ತಿಂಗಳ ರಿಪೇರಿಗೆಂದು ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕುವುದಕ್ಕಿಂತ ಒಳಗಿದ್ದುಕೊಂಡೇ ಕೆಲಸ ಮಾಡಿಸುವ ಗಂಡ-ಹೆಂಡತಿಯರೇ ಹೆಚ್ಚು. ಅದು ಆಗುವ ಮಾತೇ. ಆದರೆ ಬಚ್ಚಲು ಮತ್ತು ಅಡುಗೆಮನೆಯನ್ನು ಒಟ್ಟಿಗೆ ಒಡೆಯಬಾರದು. ಮಲಗಲು ಪಡಸಾಲೆಯ ಮೂಲೆಯಾದರೂ ಆದೀತು. ಸ್ನಾನವೂ ಇಲ್ಲ, ಚಹಾವೂ ಇಲ್ಲ ಎಂದಾದರೆ ಮೂರನೇ ದಿನಕ್ಕೆ ಇಬ್ಬರಿಗೂ ಮಾತು ಬೇಡವಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಕೂಲಿ ಉಳಿಯುತ್ತದೆ ಎಂದು ಗೌಂಡಿ ಹೇಳುತ್ತಾರೆ. ಉಳಿಯುವುದು ನಿಜ, ಆದರೂ ಒಪ್ಪಬೇಡಿ.

ಯಾವಾಗ?

ದೀಪಾವಳಿ ಮುಗಿದ ಮೇಲೆ ಹಿಡಿದು ಶಿವರಾತ್ರಿಯೊಳಗೆ ಮುಗಿಸಿ. ಏಪ್ರಿಲ್-ಮೇ ಬಿಸಿಲಿಗೆ ಗಿಲಾವು ಬೇಗ ಒಣಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸಂಜೆಯ ಅಡ್ಡಮಳೆಯ ಕಾಟ ಬೇರೆ. ಎಳ್ಳ ಅಮಾವಾಸ್ಯೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬರುವುದೂ ದೀಪಾವಳಿ-ಶಿವರಾತ್ರಿಯ ನಡುವೆಯೇ. ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಊರಿಗೆ ಹೋದವರು, ಎಲ್ಲಮ್ಮನ ಗುಡ್ಡಕ್ಕೆ ಹೋದವರು ಮರುದಿನವೇ ಕೆಲಸಕ್ಕೆ ಬರುತ್ತಾರೆಂದು ನೆಚ್ಚಿಕೊಳ್ಳಬೇಡಿ. ಹಬ್ಬದ ಹಿಂದಿನ ವಾರ ಬಚ್ಚಲಿಗೆ ಕೈ ಹಾಕಲೇಬೇಡಿ.

ಎರೆಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಗೋಡೆಯ ಬಿರುಕನ್ನು ಬೇಸಿಗೆಯಲ್ಲಿ ತುಂಬಿಸಬೇಡಿ. ಆಗ ಮಣ್ಣು ಕುಗ್ಗಿ ಬಿರುಕು ಅಗಲವಾಗಿರುತ್ತದೆ, ಮಳೆಗೆ ಉಬ್ಬಿದಾಗ ತುಂಬಿದ್ದು ಹೊರಗೆ ಬರುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ, ತಾರೀಕು ಬರೆದು ಒಂದು ಮಳೆಗಾಲ ನೋಡಿ.

ನೀರಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕ ಹಿಡಿದರೆ ಇಬ್ಬರಿಗೆ 270. ಅಂದರೆ 1000 ಲೀಟರ್ ಟಾಕಿಯ ನೀರು ನಾಲ್ಕು ದಿನಕ್ಕೂ ಸಾಲುವುದಿಲ್ಲ. ನಲ್ಲಿಗೆ ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಗೌಂಡಿಗಳೂ ಅದೇ ಟಾಕಿಗೆ ಪೈಪ್ ಹಾಕಿದರೆ ಮುಗಿಯಿತು. ಅವರಿಗೆಂದೇ 200 ಲೀಟರಿನ ಎರಡು ಬ್ಯಾರಲ್ ಹೊರಗಿಡಿ. ಗದಗ ಕಡೆಯ ಸವಳು ಬೋರ್ ನೀರಿನಲ್ಲಿ ಮಾತ್ರ ಸಿಮೆಂಟು ಕಲಸಬೇಡಿ, ಗೋಡೆಯ ಮೇಲೆ ಬಿಳಿ ಉಪ್ಪು ಏಳುತ್ತದೆ.

ಗಿಲಾವಿಗೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಇಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ತಪ್ಪುವುದು ಮಧ್ಯಾಹ್ನದ ಸರದಿ. ಬೆಳಗ್ಗೆ ಹೊರಡುವ ಮುನ್ನ ಒದ್ದೆ ಗೋಣಿತಟ್ಟನ್ನು ಗೋಡೆಗೆ ಇಳಿಬಿಟ್ಟು ಹೋದರೆ ಸಂಜೆವರೆಗೆ ತಂಪು ನಿಲ್ಲುತ್ತದೆ.

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ. ಗೋಡೆಯೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಒಂದೆರಡು ಮಳೆಗಾಲದಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಅಲ್ಲಿಗೆ ಸುಣ್ಣದ ಗಿಲಾವೇ ಸರಿ.

ಮೊದಲು ಬಚ್ಚಲು

ಹಿತ್ತಲಿನಲ್ಲಿ ತಾಡಪತ್ರಿ ಕಟ್ಟಿ, ಒಂದು ಫರ್ಸಿ ಕಲ್ಲು ಹಾಕಿ ಸ್ನಾನದ ಜಾಗ ಮಾಡಿಕೊಂಡ ಮೇಲೆಯೇ ಸುತ್ತಿಗೆ ಎತ್ತಿಸಿ. ಸಂಡಾಸು ಒಂದೇ ಇದ್ದರೆ ಅದನ್ನು ಬೇರೆ ಕೆಲಸವೆಂದು ಕೊನೆಗೆ ಇಡಿ. ಒಡೆಯುವ ಮುನ್ನ ನೀರು ಹೋಗುವ ತೂತುಗಳಿಗೆ ಹಳೆ ಅರಿವೆ ಗಟ್ಟಿಯಾಗಿ ತುರುಕಿ. ಪೈಪಿನೊಳಗೆ ಬಿದ್ದ ಸಿಮೆಂಟ್ ತುಣುಕು ಹೊಸ ಟೈಲ್ಸ್ ಕೂತ ಮೇಲೆಯೇ ತನ್ನ ಗುಣ ತೋರಿಸುತ್ತದೆ.

ಗೋಡೆಯೊಳಗಿನ ಪೈಪ್ ಜೋಡಿಸಿ, ಅಂಟು ಒಣಗಲು ಒಂದು ದಿನ ಬಿಟ್ಟು, ನೀರು ತುಂಬಿ ಒತ್ತಡ ಕೊಟ್ಟು ಮತ್ತೊಂದು ದಿನ ನೋಡಿ. ಬಿಸಿನೀರಿಗೆ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್) ಪೈಪೇ ಇರಲಿ. ಆಮೇಲೆ ವಾಟರ್‌ಪ್ರೂಫಿಂಗ್: ನೆಲಕ್ಕಷ್ಟೇ ಅಲ್ಲ, ಗೋಡೆಗೂ ಒಂದಡಿ, ನೀರು ಸಿಡಿಯುವ ಕಡೆ ಆಳೆತ್ತರ. ಅದು ಒಣಗಿದ ಮೇಲೆ ತೂತು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ನೀರಿನ ಮಟ್ಟಕ್ಕೆ ಗೆರೆ ಹಾಕಿಡಿ. ಆರಿ ಹೋಗುವ ನೀರು ತೀರಾ ಸ್ವಲ್ಪ. ಗೆರೆಯಿಂದ ಬೆರಳಷ್ಟು ಇಳಿದರೆ ಸೋರುತ್ತಿದೆ ಎಂದರ್ಥ. ಎರಡು ದಿನ ಸುಮ್ಮನೆ ಹೋಯಿತೆಂದು ಗೊಣಗುವವರಿಗೆ ಕಿವಿಗೊಡಬೇಡಿ.

ನೆಲದ ಇಳಿಜಾರು ಅಡಿಗೆ ಕಾಲು ಇಂಚು. ಐದು ಅಡಿ ಬಚ್ಚಲಾದರೆ ಬಾಗಿಲಿನಿಂದ ಜಾಲರಿಯವರೆಗೆ ಒಂದೂಕಾಲು ಇಂಚು ಇಳಿಯಬೇಕು. ಟೈಲ್ಸ್ ಕೂರಿಸುವ ಮುನ್ನವೇ ಒಂದು ತಂಬಿಗೆ ನೀರು ಸುರಿದು ಅದು ಎತ್ತ ಹೋಗುತ್ತದೆ ಎಂದು ಕಣ್ಣಾರೆ ನೋಡಿ. ಇಷ್ಟಕ್ಕೆಲ್ಲ ಹದಿನೈದು ದಿನ ಹಿಡಿಯುತ್ತದೆ.

ಆಮೇಲೆ ಒಲೆ

ಬಚ್ಚಲಲ್ಲಿ ನೀರು ಹರಿದ ಮೇಲೆ ಅಡುಗೆಮನೆ. ಅದಕ್ಕೂ ಮುನ್ನ ಖಡಕ್ ರೊಟ್ಟಿ ತಂದಿಡಿ. ದಿನಕ್ಕೆ ಆರರಂತೆ ನೂರು ರೊಟ್ಟಿ ಇಬ್ಬರಿಗೆ ಹದಿನಾರು ದಿನ ಬರುತ್ತವೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಇದ್ದರೆ ಒಲೆಯ ಕೆಲಸ ಅನ್ನ-ಸಾರಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಒಲೆ ಇಡುವ ಬೇರೆ ಕೋಣೆಗೆ ದೂಳು ಬರದಂತೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಾರಲ್ಲ, ಅದರೊಳಗೆ ಸಿಲಿಂಡರ್ ಮುಚ್ಚಿಡಬಾರದು. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಕೆಳಗೆ ಗಾಳಿಯಾಡುವ ಬಾಗಿಲಿನ ಹತ್ತಿರ ಸಿಲಿಂಡರನ್ನು ನೆಟ್ಟಗೆ ಇಡಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಟೈಲ್ಸ್ ಕತ್ತರಿಸುವುದು ಹೊರಗೆ, ನೀರು ಬಿಡುತ್ತಾ. ಒಳಗೆ ಕಸಬರಿಗೆ ಬೇಡ, ಒದ್ದೆ ಅರಿವೆಯಲ್ಲಿ ಒರೆಸಿ.

ಅಡುಗೆ ಕಟ್ಟೆಯ ಎತ್ತರವನ್ನು ಗೌಂಡಿಗೆ ಬಿಡಬೇಡಿ. 34 ಇಂಚು ಎಂದು ಅವರು ರೂಢಿಯ ಮೇಲೆ ಹೇಳಿಬಿಡುತ್ತಾರೆ. ರೊಟ್ಟಿ ಬಡಿಯುವಾಗ ಮೇಲಿನಿಂದ ಭಾರ ಬಿಡಬೇಕು, ಕಟ್ಟೆ ಎತ್ತರವಾದರೆ ಹೆಗಲು ನೋಯುತ್ತದೆ. ಇಟ್ಟಂಗಿ ಪೇರಿಸಿ ಹಲಗೆ ಇಟ್ಟು 30, 32, 34 ಇಂಚಿನಲ್ಲಿ ಎರಡೆರಡು ರೊಟ್ಟಿ ನಿಜವಾಗಿಯೂ ಬಡಿದು ನೋಡಿ. ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರೋ ಅವರದೇ ಅಳತೆ. ಅಳೆಯುವುದು ಹೊಸ ನೆಲದಿಂದ ಎಂಬುದನ್ನು ಮರೆಯಬೇಡಿ: ಹಳೆ ಫರ್ಸಿಯ ಮೇಲೆಯೇ ಟೈಲ್ಸ್ ಹಾಕಿಸಿದರೆ ನೆಲ ಸುಮಾರು ಎರಡು ಇಂಚು ಏರುತ್ತದೆ, 32ರ ಕಟ್ಟೆ 30 ಆಗುತ್ತದೆ. ಬಾಗಿಲುಗಳೂ ನೆಲಕ್ಕೆ ತಾಗುತ್ತವೆ, ಬಡಿಗೇರರಿಗೆ ಆಗಲೇ ಹೇಳಿಡಿ. ರೊಟ್ಟಿ ಬಡಿಯುವ ಜಾಗದ ನೇರ ಕೆಳಗೆ ಆಧಾರದ ಫರ್ಸಿ ನಿಲ್ಲಿಸಿ, ಇಲ್ಲದಿದ್ದರೆ ಗ್ರಾನೈಟ್ ಬಿರುಕು ಬಿಟ್ಟೀತು.

ಗೌಂಡಿಗೆ ಹೇಳುವವರು ಒಬ್ಬರೇ ಇರಲಿ, ಗಂಡನೋ ಹೆಂಡತಿಯೋ. ಇನ್ನೊಬ್ಬರ ಮಾತೇನಿದ್ದರೂ ರಾತ್ರಿ ಊಟಕ್ಕೆ ಕೂತಾಗ. ಸ್ವಿಚ್ ಬೋರ್ಡ್ ಎಲ್ಲಿ ಬರಬೇಕೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟರೆ ಅರ್ಧ ತಕರಾರು ಇಲ್ಲ.

ಕೊನೆಯ ಬಟವಡೆಗೆ ಮುನ್ನ ನಾಣ್ಯ ಹಿಡಿದು ಒಂದೊಂದು ಟೈಲ್ಸನ್ನೂ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬಂದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಅವನ್ನು ಕಿತ್ತು ಕೂರಿಸಿದ ಮೇಲೆ ಹಣ ಎಣಿಸಿ.