ಸೈರನ್ ಕೂಗುವ ಮೊದಲು ಪಂಚಾಯಿತಿ ಮಾಡಿಡಬೇಕಾದ ಕೆಲಸ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಸ್ಥಾವರದ ಬೇಲಿಯೊಳಗೆ ಅವಘಡವಾದರೆ ಅದನ್ನು ನಿಭಾಯಿಸುವುದು ಸ್ಥಾವರದವರ ಹೊಣೆ. ವಿಕಿರಣ ಬೇಲಿ ದಾಟಿದರೆ ಸುತ್ತಲಿನ 16 ಕಿ.ಮೀ. ವ್ಯಾಪ್ತಿಯ ಜನರ ರಕ್ಷಣೆ ಜಿಲ್ಲಾಧಿಕಾರಿಯ ಹೊಣೆ. ಇಷ್ಟು ಕಾಗದದಲ್ಲಿ ಸ್ಪಷ್ಟವಾಗಿದೆ. ಆದರೆ ಬೇರೆ ಬೇರೆ ವಿಪತ್ತುಗಳ ಅಣಕು ಕಾರ್ಯಾಚರಣೆಗಳಲ್ಲಿ ನಾನು ಕಂಡಂತೆ, ಆದೇಶ ತಾಲ್ಲೂಕು ಕೇಂದ್ರದವರೆಗೆ ಸಲೀಸಾಗಿ ಬಂದು, ಅಲ್ಲಿಂದ ಮಜರೆಗಳಿಗೆ ಇಳಿಯುವಾಗ ಮುಗ್ಗರಿಸುತ್ತದೆ. ಆದ್ದರಿಂದ ಈ ಲೇಖನ ಗ್ರಾಮ ಪಂಚಾಯಿತಿಯವರಿಗೆ.

ಒಂದು: ಆದೇಶ ಯಾರದು?
ಸ್ಥಾವರದಿಂದ ಜಿಲ್ಲಾಧಿಕಾರಿ, ಅಲ್ಲಿಂದ ತಹಶೀಲ್ದಾರ್, ಅಲ್ಲಿಂದ ಪಂಚಾಯಿತಿ. ಈ ಸಾಲಿನಲ್ಲಿ ಬಾರದ ಮಾತನ್ನು ಯಾರೂ ಊರಿಗೆ ಸಾರಬಾರದು.

ಎರಡು: ಮನೆ ಪಟ್ಟಿ
ಮತದಾರರ ಪಟ್ಟಿಯನ್ನೇ ನಕಲು ಮಾಡಿಕೊಳ್ಳುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಅದರಲ್ಲಿ ಮಕ್ಕಳೇ ಇರುವುದಿಲ್ಲ! ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ದಾಖಲೆಗಳಿಂದ ಹೊಸ ಪಟ್ಟಿ ಮಾಡಿ. ಹಸುಗೂಸು, ಗರ್ಭಿಣಿ, ಬಾಣಂತಿ, ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ ಎಂಬುದು ಅದರಲ್ಲಿರಲಿ. ಕಾಗದದ ಮೇಲೆಯೇ ಇರಲಿ; ಕಾಡಂಚಿನ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂರಬೇಡಿ.

ಮೂರು: ಮೊದಲು ಒಳಗೆ
ವಿಕಿರಣವೆಂದೊಡನೆ ಓಡಬೇಕೆಂಬ ಭಾವನೆ ಸಹಜ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ದುರಂತವಾದಾಗ ಹತ್ತಿರದ ನಾಮಿಎ ಪಟ್ಟಣದ ಅನೇಕರು ತ್ಸುಶಿಮಾ ಎಂಬ ಭಾಗಕ್ಕೆ ಹೋದರು. ವಿಕಿರಣದ ಮೋಡವೂ ಅತ್ತಲೇ ಸಾಗಿತ್ತು. ಗಾಳಿಯ ದಿಕ್ಕಿನ ಅಂದಾಜು ಸರ್ಕಾರದ ಕೈಯಲ್ಲಿತ್ತು, ಪಟ್ಟಣಕ್ಕೆ ತಲುಪಿರಲಿಲ್ಲ. ಹಾಗಾಗಿ ಆದೇಶ ಬರುವವರೆಗೆ ಬಾಗಿಲು, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಒಳಗಿರಬೇಕು. ಹಂಚಿನ ಮನೆಯ ಸಂದಿಗಳಲ್ಲಿ ಗಾಳಿ ನುಸುಳುತ್ತದೆ; ಪ್ರತಿ ಮಜರೆಗೂ ಹತ್ತಿರದ ತಾರಸಿ ಕಟ್ಟಡ ಯಾವುದೆಂದು ಈಗಲೇ ಗುರುತಿಸಿ.

ನಾಲ್ಕು: ಅಯೋಡಿನ್ ಮಾತ್ರೆ
ಎಡವುವುದು ಇಲ್ಲಿಯೇ. ಮಾತ್ರೆಯ ಹೆಸರು ಪೊಟ್ಯಾಸಿಯಂ ಅಯೊಡೈಡ್. ಗಂಟಲಿನ ಥೈರಾಯ್ಡ್ ಗ್ರಂಥಿ ಮೊದಲೇ ವಿಕಿರಣವಿಲ್ಲದ ಅಯೋಡಿನ್‌ನಿಂದ ತುಂಬಿದ್ದರೆ ವಿಕಿರಣಯುಕ್ತ ಅಯೋಡಿನ್‌ಗೆ ಅಲ್ಲಿ ಜಾಗವಿರುವುದಿಲ್ಲ. ಅದರ ಕೆಲಸ ಅಷ್ಟೇ. ಸೀಸಿಯಂ ಮುಂತಾದ ಬೇರೆ ವಿಕಿರಣ ವಸ್ತುಗಳ ಎದುರು ಅದು ನಿಷ್ಪ್ರಯೋಜಕ. ಮಾತ್ರೆ ನುಂಗಿದೆವೆಂದು ಅಂಗಳದಲ್ಲಿ ನಿಲ್ಲಬಾರದು.

ವೇಳೆಯೇ ಇದರ ಜೀವಾಳ. ವಿಕಿರಣ ತಲುಪುವ ಮುನ್ನ 24 ಗಂಟೆಯೊಳಗೆ, ಅಥವಾ ತಲುಪಿದ ಎರಡು ಗಂಟೆಯೊಳಗೆ ನುಂಗಿದರೆ ಉತ್ತಮ. ಎಂಟು ಗಂಟೆಯವರೆಗೂ ಕೊಂಚ ಉಪಯೋಗವಿದೆ. ಒಂದು ದಿನ ಕಳೆದ ಮೇಲೆ ಕೊಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಹೀಗಿರುವಾಗ ಮಾತ್ರೆಗಳನ್ನು ದೂರದ ಆಸ್ಪತ್ರೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಏನು ಪ್ರಯೋಜನ? ದಾಸ್ತಾನು ಊರಿನ ಆರೋಗ್ಯ ಉಪಕೇಂದ್ರದಲ್ಲಿಯೇ ಇರಬೇಕು, ಕೀಲಿ ಇಬ್ಬರ ಬಳಿ ಇರಬೇಕು. ಇದರಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ. ಅವಧಿ ಮುಗಿಯುವ ದಿನಾಂಕವನ್ನು ಡಬ್ಬಿಯ ಹೊರಗೆ ದೊಡ್ಡದಾಗಿ ಬರೆದಿಡಿ.

ಪ್ರಮಾಣವೂ ಎಲ್ಲರಿಗೂ ಒಂದೇ ಅಲ್ಲ. ಹನ್ನೆರಡು ದಾಟಿದವರಿಗೆ 130 ಮಿಲಿಗ್ರಾಂ. ಮೂರರಿಂದ ಹನ್ನೆರಡು ವರ್ಷದವರಿಗೆ ಅದರಲ್ಲಿ ಅರ್ಧ. ಒಂದು ತಿಂಗಳಿನಿಂದ ಮೂರು ವರ್ಷದವರಿಗೆ ಕಾಲು ಭಾಗ. ನವಜಾತ ಶಿಶುವಿಗೆ 16 ಮಿಲಿಗ್ರಾಂ ಮಾತ್ರ. ಗಾಬರಿಯಲ್ಲಿ ಮಾತ್ರೆ ಮುರಿಯಲು ಹೋದರೆ ಅಳತೆ ತಪ್ಪುತ್ತದೆ. ಪಟ್ಟಿಯನ್ನು ಎದುರಿಗಿಟ್ಟುಕೊಂಡು ಪ್ರತಿ ಮನೆಗೂ ಲಕೋಟೆ ಸಿದ್ಧಪಡಿಸಿ, ಒಳಗೆ ಯಾರಿಗೆ ಎಷ್ಟೆಂದು ಬರೆದ ಚೀಟಿ ಇಡಿ. ಮಕ್ಕಳು, ಗರ್ಭಿಣಿಯರು, ಬಾಣಂತಿಯರಿಗೆ ಮೊದಲು. ನಲವತ್ತು ದಾಟಿದವರಿಗೆ ಲಾಭ ಕಡಿಮೆ, ಅವರದು ಕೊನೆಗೆ. ಥೈರಾಯ್ಡ್ ಕಾಯಿಲೆ ಇರುವವರನ್ನು ವೈದ್ಯರು ಮೊದಲೇ ನೋಡಿರಲಿ. ಆದೇಶವಿಲ್ಲದೆ ಯಾರೂ ನುಂಗಬಾರದು, ಎರಡನೆಯ ಸಲವಂತೂ ಖಂಡಿತ ಬೇಡ.

ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಕುಡಿಯುವುದು ಅಪಾಯ. ಫುಕುಶಿಮಾ ಸುದ್ದಿ ಕೇಳಿ ಚೀನಾದಲ್ಲಿ ಜನ ಅಂಗಡಿಗಳ ಉಪ್ಪನ್ನೆಲ್ಲ ಖಾಲಿ ಮಾಡಿದ್ದರು. ಅಯೋಡಿನ್ ಉಪ್ಪು ಎಷ್ಟು ತಿಂದರೂ ಆ ಪ್ರಮಾಣ ಸಿಗುವುದಿಲ್ಲ. ಅಂತರ್ಜಾಲದಲ್ಲಿ ಮಾರುವ 'ವಿಕಿರಣ ನಿರೋಧಕ' ಪದಕಗಳನ್ನು ಮುಟ್ಟಲೂ ಬೇಡಿ. ಅಂಥ ಕೆಲವು ಸರಕುಗಳೇ ವಿಕಿರಣ ಸೂಸುತ್ತವೆಂದು 2021ರಲ್ಲಿ ನೆದರ್‌ಲ್ಯಾಂಡ್ಸ್‌ನ ನಿಯಂತ್ರಕರು ಎಚ್ಚರಿಸಿದ್ದರು.

ಐದು: ಬಸ್ಸು
ತೆರವಿನ ಆದೇಶ ಬಂದರೆ ಯಾವ ಮಜರೆಯವರು ಎಲ್ಲಿ ಬಸ್ ಹತ್ತಬೇಕೆಂದು ಬರೆದಿಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಬಳಸುವ ಬೇರೆ ದಾರಿಯೂ ಅದರಲ್ಲಿರಲಿ. ಹಾಸಿಗೆ ಹಿಡಿದವರಿಗೆ ಆಂಬ್ಯುಲೆನ್ಸ್, ಜೊತೆಗೆ ಒಬ್ಬ ದಾದಿ ಕಡ್ಡಾಯ. ಫುಕುಶಿಮಾದ ಆಸ್ಪತ್ರೆಯೊಂದರ ಹತ್ತಾರು ರೋಗಿಗಳು ಸತ್ತದ್ದು ವಿಕಿರಣದಿಂದಲ್ಲ, ಆರೈಕೆಯಿಲ್ಲದ ದೀರ್ಘ ಪ್ರಯಾಣದಿಂದ.

ಆರು: ಹಾಲು
ಚೆರ್ನೋಬಿಲ್‌ನಲ್ಲಿ 1986ರ ಅಣು ದುರಂತದ ನಂತರ ಮಕ್ಕಳನ್ನು ಕಾಡಿದ ಥೈರಾಯ್ಡ್ ಕ್ಯಾನ್ಸರ್‌ಗೆ ಮುಖ್ಯ ಕಾರಣ ಕಲುಷಿತ ಹುಲ್ಲು ಮೇದ ಹಸುಗಳ ಹಾಲು. ಹಾಲಿಗೆ ಸೇರುವ ವಿಕಿರಣಯುಕ್ತ ಅಯೋಡಿನ್, ಅಂದರೆ ಅಯೋಡಿನ್ 131, ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಹಾಲಿನ ಮೇಲಿನ ನಿಷೇಧ ವಾರಗಟ್ಟಲೆ ಇರಬಹುದು. ದನಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಮುಚ್ಚಿಟ್ಟ ಒಣಹುಲ್ಲು ಹಾಕಿಸಿ. ಹಾಲಿನ ಡೇರಿಯ ಕಾರ್ಯದರ್ಶಿಯನ್ನು ಯೋಜನಾ ಸಭೆಗೆ ಕರೆಯಲು ಮರೆಯುವವರೇ ಹೆಚ್ಚು. ಅವರನ್ನು ಕರೆದು, ಚೆಲ್ಲಿದ ಹಾಲಿನ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯಬೇಕು, ಪರಿಹಾರದ ಅರ್ಜಿಗೆ ಯಾರು ಸಹಿ ಹಾಕಬೇಕು ಎಂಬುದನ್ನು ಸಭೆಯ ನಡಾವಳಿಯಲ್ಲೇ ದಾಖಲಿಸಿ. ಕೈಗೆ ಹಣ ಬರುವ ಭರವಸೆ ಇಲ್ಲದಿದ್ದರೆ ಬಡ ರೈತ ಆ ಹಾಲನ್ನು ಮಾರಿಯೇ ಮಾರುತ್ತಾನೆ.